ಸಹಾಯ ಬೇಕು: ಸಿಟ್ಟು ನಿಜವಾಗಿ ಕಡಿಮೆ ಆಗಿದೆಯಾ, ತಿಳಿಯುವುದು ಹೇಗೆ?

ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ನನಗೆ ಮೊದಲಿನಿಂದಲೂ ಸಿಟ್ಟು ಜಾಸ್ತಿ. 2024ರ ಮಾರಿಕಾಂಬಾ ಜಾತ್ರೆಯಲ್ಲಿ ಮಗ ಕೈ ಬಿಡಿಸಿಕೊಂಡು ಓಡಿದ ಅಂತ ಅಷ್ಟು ಜನರ ಎದುರೇ ಹೊಡೆದುಬಿಟ್ಟೆ. ಅವನು ಅಳಲಿಲ್ಲ. ಸುಮ್ನೆ ನನ್ನ ಮುಖ ನೋಡಿದ. ಅವತ್ತೇ ಬದಲಾಗಬೇಕು ಅಂದುಕೊಂಡೆ.

ಮೊದಲು ಡೈರಿ ಬರೆದೆ, ಮಳೆಗಾಲ ಶುರುವಾಗುವಷ್ಟರಲ್ಲಿ ನಿಂತುಹೋಯಿತು. ಆಮೇಲೆ ಕೂಗಾಡಿದ ದಿನ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದೆ. ಅದರಲ್ಲಿ ಕೆಂಪು ಮಾತ್ರ ಕಾಣುತ್ತದೆ, ತಡೆದುಕೊಂಡ ದಿನ ಕಾಣುವುದೇ ಇಲ್ಲ. ಯಜಮಾನರನ್ನು ಕೇಳಿದರೆ "ಹೌದು, ಸ್ವಲ್ಪ ಕಡಿಮೆ" ಅಂತಾರೆ. ಸಮಾಧಾನಕ್ಕೆ ಹೇಳುತ್ತಾರೋ ಏನೋ.

ಕಳೆದ ವಾರ ಮಗ ತಂಬುಳಿ ಪಾತ್ರೆ ಬೀಳಿಸಿದ. ಬಟ್ಟೆ ತಂದು ಅವನ ಪಕ್ಕ ಕೂತು ನೆಲ ಒರೆಸಿದೆ. ಅರ್ಧ ಒರೆಸಿದ ಮೇಲೆ ಹೊಳೆಯಿತು, ನಾನು ಕೂಗಿಯೇ ಇಲ್ಲ! ಆದರೆ ಎರಡು ದಿನ ಬಿಟ್ಟು ಶಾಲೆಗೆ ಹೊರಡುವುದು ತಡವಾಯಿತು ಅಂತ ಮತ್ತೆ ರೇಗಿದೆ. ಸಂಜೆ ಅವನ ಹತ್ತಿರ ತಪ್ಪಾಯ್ತು ಅಂದೆ. ಮೊದಲು ಹಾಗೆ ಹೇಳಿದ್ದೇ ಇಲ್ಲ.

ನನ್ನ ಗೊಂದಲ ಇಲ್ಲೇ. ಇದು ನಾನು ಬದಲಾಗಿದ್ದಾ, ಇಲ್ಲ ಮಗ ದೊಡ್ಡವನಾಗಿ ತಂಟೆ ಕಡಿಮೆ ಮಾಡಿದ್ದಾ? ಅಡಿಕೆ ಮರಕ್ಕಾದರೆ ಹಾಳೆ ಬಿದ್ದಲ್ಲೆಲ್ಲ ಉಂಗುರ ಉಳಿಯುತ್ತದೆ, ಎಣಿಸಬಹುದು. ನಮ್ಮೊಳಗೆ ಹಾಗೆ ಏನೂ ಕಾಣುವುದಿಲ್ಲ ಅಲ್ವಾ.

ನಿಧಾನಕ್ಕೆ ಬದಲಾದವರು ದಯವಿಟ್ಟು ಹೇಳಿ: ನೀವು ಯಾವ ಗುರುತು ನೋಡಿದಿರಿ? ಕೂಗಾಡಿದ ದಿನ ಎಣಿಸಬೇಕಾ, ಇಲ್ಲ ಎಷ್ಟು ಬೇಗ ತಣ್ಣಗಾದೆ ಅಂತ ನೋಡಬೇಕಾ?