ರೇಡಿಯೋ ಮೇಲಿನ ‘ಮೆಗಾಹರ್ಟ್ಸ್’ ಯಾರ ಹೆಸರು?

ಶಾಂತಳ್ಳಿ ತೋಟ:
ಹೋದ ವಾರ ಗಾಳಿಮಳೆಗೆ ನಾಲ್ಕು ದಿನ ಕರೆಂಟ್ ಇರಲಿಲ್ಲ. ಶೆಲ್ ಹಾಕಿದ ಹಳೇ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ, 103.1, ಕೇಳುತ್ತಾ ಕೂತಿದ್ದೆವು. ಎಂಟನೇ ಕ್ಲಾಸಿನ ಮಗಳು ಕೇಳಿದಳು: “ಅಪ್ಪಾ, ಹರ್ಟ್ಸ್ ಅಂದರೆ ಯಾರು?” ನನಗೆ ಗೊತ್ತಿರಲಿಲ್ಲ. ಇನ್ನೊಂದು ವಿಷಯ. ಕಾಫಿ ಕಣದ ಶೆಡ್ಡಿನಲ್ಲಿ ರೇಡಿಯೋ ಒಂದು ಕಡೆ ಇಟ್ಟರೆ ಬರೀ ಗೊರಗೊರ, ಎರಡು ಅಡಿ ಸರಿಸಿದರೆ ಚೊಕ್ಕ. ಹಿಂದಿನ ಗೋಡೆ ಪೂರ್ತಿ ತಗಡು, ಮಡಿಕೇರಿ ಕಡೆಗೇ ಮುಖ. ಯಾಕೆ ಹೀಗೆ?

ಕುಶಾಲನಗರ ಓದುಗ:
ಹೈನ್ರಿಚ್ ಹರ್ಟ್ಸ್ ಅಂತ ಒಬ್ಬ ಭೌತವಿಜ್ಞಾನಿ. ಜರ್ಮನಿಯ ಹ್ಯಾಂಬರ್ಗಿನಲ್ಲಿ 1857ರಲ್ಲಿ ಹುಟ್ಟಿದವರು. 103.1 ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ 10 ಕೋಟಿ 31 ಲಕ್ಷ ಸಲ ಕಂಪನ.

ವಿರಾಜಪೇಟೆ ಮೇಷ್ಟ್ರು:
ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದ್ದೇನೆ. ಹರ್ಟ್ಸ್ ಅಂದರೆ ನನಗೆ ತುಂಬಾ ಪ್ರೀತಿ. ನಿಮ್ಮ ಶೆಡ್ಡಿನಲ್ಲಿ ಆಗುತ್ತಿರುವುದೇ ಅವರು ಮಾಡಿದ ಪ್ರಯೋಗ!

ರೇಡಿಯೋಗೆ ಬರುವಂಥ ವಿದ್ಯುತ್ಕಾಂತ ಅಲೆಗಳು ಇರಲೇಬೇಕು ಅಂತ ಸ್ಕಾಟ್ಲೆಂಡಿನ ವಿಜ್ಞಾನಿ ಮ್ಯಾಕ್ಸ್‌ವೆಲ್ 1865ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. ಆದರೆ ಕಣ್ಣಾರೆ ತೋರಿಸಿದವರು ಯಾರೂ ಇರಲಿಲ್ಲ. ಹರ್ಟ್ಸ್ ಜರ್ಮನಿಯ ಕಾರ್ಲ್ಸ್‌ರೂಹೆ ಊರಲ್ಲಿ ಪಾಠ ಹೇಳುತ್ತಿದ್ದ ಕಾಲ, 1886ರಿಂದ 88. ಒಂದು ಕಡೆ ವಿದ್ಯುತ್ ಕಿಡಿ ಹಾರಿಸಿದರು. ದೂರದಲ್ಲಿ ಸುಮ್ನೆ ಒಂದು ತಂತಿ ಬಳೆ, ಅದರಲ್ಲಿ ಸಣ್ಣ ಸೀಳು. ಯಾವ ತಂತಿಯ ಸಂಪರ್ಕವೂ ಇಲ್ಲದೆ ಆ ಸೀಳಿನಲ್ಲೂ ಕಿಡಿ ಬಂತು. ಕತ್ತಲಲ್ಲಿ ಕಣ್ಣು ಕೀಲಿಸಿ ನೋಡಿದರೆ ಮಾತ್ರ ಕಾಣುವಷ್ಟು ಚಿಕ್ಕದು. ಚೆನ್ನಾಗಿ ಕಾಣಲಿ ಅಂತ ಬಳೆಯ ಸೀಳಿಗೆ ಡಬ್ಬಿ ಮುಚ್ಚಿದರೆ ಕಿಡಿ ಇನ್ನೂ ಕುಗ್ಗಿತು. ಅದನ್ನೂ ಬಿಡದೆ ಹುಡುಕಿದರು. ಮೊದಲ ಕಿಡಿಯ ಬೆಳಕು ಡಬ್ಬಿಯಿಂದ ತಡೆದದ್ದೇ ಕಾರಣ. ದ್ಯುತಿವಿದ್ಯುತ್ ಪರಿಣಾಮದ, ಅಂದರೆ ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನ್ ಹೊರಬರುವುದರ, ಮೊದಲ ಸುಳಿವು ಸಿಕ್ಕಿದ್ದು ಹಾಗೆ.

ಆಮೇಲೆ ಕ್ಲಾಸ್ ರೂಮಿನ ಗೋಡೆಗೆ 4 ಮೀಟರ್ ಎತ್ತರ, 2 ಮೀಟರ್ ಅಗಲದ ಸತುವಿನ ತಗಡು ಹೊಡೆಸಿದರು. ಹೋಗುವ ಅಲೆ, ತಗಡಿಗೆ ಬಡಿದು ವಾಪಸ್ ಬರುವ ಅಲೆ, ಎರಡೂ ಸೇರಿ ಕೆಲವು ಜಾಗದಲ್ಲಿ ಬಲ ಜಾಸ್ತಿ, ಕೆಲವು ಕಡೆ ಏನೂ ಇಲ್ಲ. ಬಳೆ ಹಿಡಿದು ನಡೆದು, ಕಿಡಿ ಸತ್ತ ಜಾಗ ಗುರುತಿಸಿ, ಅಲೆಯ ಉದ್ದ ಅಳೆದರು.

103.1ರ ಅಲೆ ಸುಮಾರು 2.9 ಮೀಟರ್ ಉದ್ದ. ಸದ್ದು ಸತ್ತ ಜಾಗದಿಂದ ಜೋರಾಗಿರುವ ಜಾಗಕ್ಕೆ ಅದರ ಕಾಲು ಭಾಗ, ಅಂದರೆ 73 ಸೆಂಟಿಮೀಟರ್. ನಿಮ್ಮ ಎರಡು ಅಡಿ ಹತ್ತಿರ ಹತ್ತಿರ ಸರಿಯಾಯ್ತು, ಅಲ್ವಾ? ಮಗಳ ಕೈಗೆ ಟೇಪ್ ಕೊಡಿ. ಗೋಡೆಯಿಂದ ನೇರ ಹಿಂದಕ್ಕೆ ಬರಲಿ. ಒಂದು ಗೊರಗೊರದಿಂದ ಮುಂದಿನದಕ್ಕೆ ಸುಮಾರು 1.45 ಮೀಟರ್ ಸಿಗಬೇಕು. ಸುತ್ತಲಿನ ಗುಡ್ಡವೂ ಅಲೆಯನ್ನು ವಾಪಸ್ ಕಳಿಸುತ್ತದೆ, ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು.

ಕುಶಾಲನಗರ ಓದುಗ:
ಅವರು ರೇಡಿಯೋ ಕೇಳಿದ್ದರಾ ಮೇಷ್ಟ್ರೇ?

ವಿರಾಜಪೇಟೆ ಮೇಷ್ಟ್ರು:
ಇಲ್ಲ. 1894ರ ಜನವರಿ 1ರಂದು ಜರ್ಮನಿಯ ಬಾನ್ ನಗರದಲ್ಲಿ ತೀರಿಕೊಂಡರು. ಬರೀ 36 ವರ್ಷ. ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದರು. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷ ನನ್ನ ಗಂಟಲು ಕಟ್ಟುತ್ತಿತ್ತು. ಕಂಪನದ ಅಳತೆಗೆ ಅವರ ಹೆಸರಿಟ್ಟಿದ್ದು 1930ರಲ್ಲಿ.

ಶಾಂತಳ್ಳಿ ತೋಟ:
ಮೇಷ್ಟ್ರೇ, ಇವತ್ತು ಸಂಜೆ ಅಳೆದೆವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೀಟು. ನಡುವೆ 1 ಮೀಟರ್ 38. ಮಗಳು ಇನ್ನೂ ಶೆಡ್ಡಿನಲ್ಲೇ ಇದ್ದಾಳೆ, ಮೂರನೇ ಗೀಟು ಹುಡುಕುತ್ತಿದ್ದಾಳೆ.