ಬೆಂಕಿ ಬಿದ್ದ ಜಾಗದಲ್ಲಿ ನೆಲ್ಲಿ ಮತ್ತೆ ಬರುತ್ತಾ?

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ನಮ್ಮ ಜಮೀನಿದೆ. ಅದರ ಅಂಚಿನ ಕುರುಚಲಿಗೆ ಈ ಬೇಸಿಗೆಯಲ್ಲಿ ಬೆಂಕಿ ಬಿತ್ತು. ಹಳ್ಳದ ಪಕ್ಕದ ನೆಲ್ಲಿ ಗಿಡಗಳು ಆಗಲೇ ಚಿಗುರಿವೆ. ಮೇಲಿನ ಇಳಿಜಾರಿನವು ಸತ್ತ ಹಾಗಿವೆ. ಬಿದ್ದಿದ್ದು ಒಂದೇ ಬೆಂಕಿ, ಹೀಗ್ಯಾಕೆ? ಹೊಸ ಸಸಿ ನೆಡಲಾ?

ಉತ್ತರ 1: ಅವಸರ ಬೇಡ ಸರ್. ನೆಲ್ಲಿಗೆ ಮೇಲೆಲ್ಲಾ ಸುಟ್ಟರೂ ಬುಡದಿಂದ ಚಿಗುರುವ ಶಕ್ತಿ ಇದೆ. ನೆಲದ ಹತ್ತಿರ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಮಳೆಗಾಲ ಮುಗಿಯೋವರೆಗೂ ಕಾಯಿರಿ. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ. ಅಲ್ಲಿ ಮಣ್ಣೂ ತೆಳು, ಹುಲ್ಲು ಬೇಗ ಒಣಗಿರುತ್ತದೆ. ಹಳ್ಳದ ಕಡೆ ನೆಲದಲ್ಲಿ ಪಸೆ ಇತ್ತು, ಅಷ್ಟೇ ವ್ಯತ್ಯಾಸ.

ಉತ್ತರ 2: ಇಳಿಜಾರಿನಲ್ಲಿ ಲಂಟಾನ ಅನ್ನೋ ಕಳೆ ಪೊದೆ ಇತ್ತಾ? ನೀವು ಅದನ್ನು ಹೇಳಲೇ ಇಲ್ಲ. ತರಗೆಲೆ ಬೆಂಕಿ ಮೊಣಕಾಲೆತ್ತರದಲ್ಲಿ ಹಾದು ಹೋಗುತ್ತದೆ. ಲಂಟಾನ ಇದ್ದರೆ ಅದೇ ಬೆಂಕಿ ಏಣಿ ಹತ್ತಿದ ಹಾಗೆ ಕೊಂಬೆಗೆ ಏರುತ್ತದೆ. ಆಮೇಲೆ ಎಲ್ಲಕ್ಕಿಂತ ಮೊದಲು ಚಿಗುರುವುದೂ ಲಂಟಾನವೇ, ನೆಲ್ಲಿ ಸಸಿಗೆ ಬೆಳಕು ಸಿಗೋದಿಲ್ಲ. ಈಗಲೇ ಮಣ್ಣಿನೊಳಗೆ ಬೇರು ಕಡಿದು, ಗಿಡ ತಲೆಕೆಳಗಾಗಿಡಿ. ಮೇಲಿಂದ ಸುಮ್ನೆ ಕತ್ತರಿಸಿದರೆ ಇನ್ನೂ ಪೊದೆಯಾಗುತ್ತದೆ.

ಉತ್ತರ 3: ಎಲ್ಲರೂ ಸಸಿ ಎಣಿಸುತ್ತಿದ್ದೀರಿ. ನೆಲ್ಲಿಯಂಥ ಬಹಳ ವರ್ಷ ಬದುಕುವ ಮರದಲ್ಲಿ ಸಸಿ ಸಾಯುವುದು ಮಾಮೂಲು. ಸಂಖ್ಯೆ ಏರುತ್ತದೋ ಇಳಿಯುತ್ತದೋ ಅನ್ನೋದು ಹೆಚ್ಚಾಗಿ ಕಾಯಿ ಬಿಡುವ ದೊಡ್ಡ ಮರಗಳು ಉಳಿಯುವುದರ ಮೇಲೆ ನಿಂತಿದೆ. ಹಾಗಾಗಿ ತಲೆ ಎತ್ತಿ, ಕೊಂಬೆಯ ಮೇಲೆ ಬೇರೂರಿ ಬೆಳೆಯುವ ಬಂದಳಿಕೆ ಹುಡುಕಿ. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು ಅದಕ್ಕೆ ಉಪ್ಪಿಲು ಅಂತಾರೆ. ಅದು ಮರದ ರಸ ಹೀರಿ ಕಾಯಿ ಕಡಿಮೆ ಮಾಡುತ್ತದೆ, ಜಾಸ್ತಿಯಾದರೆ ಮರವನ್ನೇ ಒಣಗಿಸುತ್ತದೆ. ಹಿಂದೆ ಬೇಸಿಗೆಯ ಶುರುವಿನಲ್ಲೇ ಹಾಕುತ್ತಿದ್ದ ತರಗು ಬೆಂಕಿ ಉಪ್ಪಿಲನ್ನು ಹತೋಟಿಯಲ್ಲಿಡುತ್ತಿತ್ತು, ಅದು ನಿಂತ ಮೇಲೆ ಉಪ್ಪಿಲೂ ಲಂಟಾನವೂ ಹೆಚ್ಚಿದವು ಅನ್ನುತ್ತಾರೆ ಸೋಲಿಗ ಹಿರಿಯರು. ನನಗೂ ಅದರಲ್ಲಿ ಹುರುಳಿದೆ ಅನಿಸುತ್ತದೆ.

ಪ್ರಶ್ನೆ ಕೇಳಿದವರು: ಲಂಟಾನ ಇತ್ತು, ಆಳೆತ್ತರ! ಹಾಗಾದರೆ ಮುಂದಿನ ವರ್ಷ ನಾವೇ ಸಣ್ಣ ಬೆಂಕಿ ಹಾಕಬಹುದಾ?

ಉತ್ತರ 3: ಬೇಡವೇ ಬೇಡ. ಪಕ್ಕದಲ್ಲೇ ಹುಲಿ ಸಂರಕ್ಷಿತ ಪ್ರದೇಶ ಇದೆ, ಅಲ್ವಾ? ಅಲ್ಲಿಗೆ ಬೆಂಕಿ ದಾಟಿದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಮೇಲಾಗಿ ಹಿರಿಯರು ಹೇಳೋ ಬೆಂಕಿ ಲಂಟಾನ ಇಲ್ಲದ ಕಾಡಿನದು. ಬಂದಳಿಕೆ ಹತ್ತಿದ ಕೊಂಬೆಯನ್ನು ಕತ್ತಿಯಿಂದ ಕಡಿಯಿರಿ, ದೊಡ್ಡ ಮರಗಳ ಬುಡದ ಸುತ್ತ ತರಗು ಗುಡಿಸಿ. ಇಳಿಜಾರಿನಲ್ಲಿ ಸಸಿ ನೆಡೋದು ಲಂಟಾನ ತೆಗೆದ ಮೇಲಿನ ಮಾತು.