ಸಹಾಯ ಬೇಕು: 4 ಇಂಚಿನ ಗೋಡೆಗೆ ಮಡಚುವ ಮಂಚ ಹಾಕಿಸಬಹುದಾ?

ಬೆಂಗಳೂರಲ್ಲಿ 20×30 ಸೈಟಿನ ಮನೆ ನಮ್ಮದು. ಮೆಟ್ಟಿಲ ಕೆಳಗೆ ಡ್ರಾಯರ್, ಬಾಗಿಲ ಮೇಲೆ ಅಟ್ಟ ಎಲ್ಲಾ ಮಾಡಿಸಿ ಆಯ್ತು. ಈಗ ಊರಿಂದ ಅತ್ತೆ ಬಂದು ನಮ್ಮ ಜೊತೆಗೇ ಇರುತ್ತಾರೆ, ಅದಕ್ಕೆ 10×9 ರೂಮಿನಲ್ಲಿ ಗೋಡೆಗೆ ಮಡಚಿಡುವ ಮಂಚ ಬೇಕು, ಹಗಲು ಮಗಳು ಅಲ್ಲೇ ಕೂತು ಓದಬೇಕಲ್ವಾ. ಆದರೆ ಆ ಗೋಡೆ ಬರೀ 4 ಇಂಚಿನ ಸಾಲಿಡ್ ಬ್ಲಾಕ್. ಆಂಕರ್ ಬೋಲ್ಟ್ ಸಾಕು ಅನ್ನುತ್ತಾರೆ ಬಡಗಿ, ನನಗೆ ಧೈರ್ಯ ಇಲ್ಲ. (ಹೋದ ವರ್ಷ ಇದೇ ಬಡಗಿ ಹೊಡೆದ ಶೆಲ್ಫ್ ಪಾತ್ರೆ ಸಮೇತ ಕೆಳಗೆ ಬಂದಿತ್ತು!) ಮಂಚ, ಹಾಸಿಗೆ ಎರಡರ ತೂಕವೂ ಸುಮ್ನೆ ಅಲ್ಲ. ಭಾರ ನೆಲಕ್ಕೆ ಇಳಿಯುವ ಹಾಗೆ ಕಬ್ಬಿಣದ ಫ್ರೇಮ್ ಮಾಡಿಸಿದವರು ಯಾರಾದರೂ ಇದ್ದೀರಾ? ಮಂಚ ಎತ್ತಿ ಇಳಿಸಲು ನೆರವಾಗುವ ಗ್ಯಾಸ್ ಸ್ಪ್ರಿಂಗ್ ಎಷ್ಟು ನ್ಯೂಟನ್‌ದು (ಅದರ ಬಲದ ಅಳತೆ) ಹಾಕಿಸಿದಿರಿ? ಅತ್ತೆಗೆ ಮಂಡಿನೋವು, ಅವರೊಬ್ಬರೇ ಇಳಿಸುವಷ್ಟು ಹಗುರ ಇರಬೇಕು. ಫೋಟೋ ಇದ್ದರೆ ದಯವಿಟ್ಟು ಹಾಕಿ.